ಒಂದು ಪೆಟ್ಟಿಗೆ, ಎರಡು ಹೊಸಿಲು

ಅಣ್ಣತಮ್ಮಂದಿರು ಒಂದೇ ಮನೆಯಲ್ಲಿ ಎರಡು ಒಲೆ ಹೂಡುವುದನ್ನು ಹಿಂದಿನವರು ಮೆಚ್ಚುತ್ತಿರಲಿಲ್ಲ. ಆದರೆ ಬೇರೆಯಾಗಲೇಬೇಕಾದ ಕಾಲವೂ ಸಂಸಾರಗಳಲ್ಲಿ ಬರುವುದುಂಟೆಂಬುದನ್ನು ಅವರು ಬಲ್ಲವರಾಗಿದ್ದರು. ಆದುದರಿಂದಲೇ ಅದಕ್ಕೊಂದು ಕ್ರಮವನ್ನು ಹೇಳಿ ಹೋದರು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನದ ದಾಯವಿಭಾಗವನ್ನು ಮುಂದೆ ಎಷ್ಟೋ ಶತಮಾನಗಳವರೆಗೆ ಭರತಖಂಡದ ಬಹುಭಾಗವು ಪ್ರಮಾಣವಾಗಿ ಹಿಡಿದಿತು. ಪಾಲುಪಟ್ಟಿ ನೆಟ್ಟಗಿದ್ದು, ಒಬ್ಬೊಬ್ಬರಿಗೆ ಒಂದೊಂದು ಬಾಗಿಲಿದ್ದರೆ, ಬೇರೆಯಾದ ಅಣ್ಣತಮ್ಮಂದಿರು ಹಬ್ಬದ ದಿನ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾರೆ. ಬಾಗಿಲು ಒಬ್ಬನದು, ಒಳಮನೆ ಇನ್ನೊಬ್ಬನದು ಎಂದಾದರೆ ವ್ಯಾಜ್ಯವು ತಪ್ಪುವುದಿಲ್ಲ. ಈ ಹಳೆಯ ಲೋಕಾನುಭವವು ಕಂಪ್ಯೂಟರಿನ ಪೆಟ್ಟಿಗೆಯೊಳಕ್ಕೂ ಸಲ್ಲುವುದೆಂದು ಒಂದು ಸಣ್ಣ ಊರಿನ ವೃದ್ಧ ಪಂಡಿತರಿಗೆ ಎಪ್ಪತ್ತೈದು ವರ್ಷ ದಾಟಿದ ಮೇಲೆ ತಿಳಿದುಬಂದಿತು. ಅದರ ವೃತ್ತಾಂತ ಹೀಗಿದೆ.

ಪಂಡಿತರು ಬಾಲ್ಯದಲ್ಲಿ ಸಂಸ್ಕೃತ ಪಾಠಶಾಲೆಯಲ್ಲಿ ಓದಿದವರು. ಅನಂತರ ಪ್ರೌಢಶಾಲೆಯಲ್ಲಿ ಉಪಾಧ್ಯಾಯರಾಗಿದ್ದು ವಿಶ್ರಾಂತಿ ಪಡೆದವರು. ಪಾಠಶಾಲೆಯಲ್ಲಿ ಅವರಿಗೆ ವರದರಾಜನ ಲಘುಸಿದ್ಧಾಂತಕೌಮುದಿಯನ್ನು ಹೇಳಿದ ಗುರುಗಳು ದೊಡ್ಡ ವೈಯಾಕರಣರು. ಸೂತ್ರಾರ್ಥವನ್ನು ಸಂಸ್ಕೃತದಲ್ಲಿ ಹೇಳಿ ಮುಗಿಸಿದ ಮೇಲೆ ಅವರು ಕನ್ನಡಕ್ಕೆ ಇಳಿದು, ಅಡುಗೆಮನೆಯಿಂದಲೋ ಗದ್ದೆಯ ಬದುವಿನಿಂದಲೋ ಸಂತೆಯ ಬೀದಿಯಿಂದಲೋ ಒಂದು ದೃಷ್ಟಾಂತವನ್ನು ಎತ್ತಿ ಹೇಳುವರು. ಆಮೇಲೆ ಆ ಸೂತ್ರವನ್ನು ಶಿಷ್ಯನು ಮರೆಯಬೇಕೆಂದರೂ ಮರೆಯಲಾಗುತ್ತಿರಲಿಲ್ಲ. ಗುರುಗಳು ತಾವಾಗಿ ಒಂದು ಹಾಳೆಯನ್ನೂ ಬರೆದಿಟ್ಟವರಲ್ಲ. ಪಂಡಿತರು ಮಾತ್ರ ಅದನ್ನೆಲ್ಲ ಹದಿನೇಳು ನೋಟುಪುಸ್ತಕಗಳಲ್ಲಿ ಬರೆದುಕೊಂಡಿದ್ದರು.

2012ರಲ್ಲಿ ಅವರ ಮಗ ಮನೆಗೊಂದು ಕಂಪ್ಯೂಟರನ್ನು ತಂದಿಟ್ಟ. ಅದರಲ್ಲಿ ವಿಂಡೋಸ್ 7 ಇದ್ದಿತು. ಕನ್ನಡ ಬರೆಯುವುದಕ್ಕೆ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶವಿದ್ದಿತು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಕ್ರಮವು ಸಂಸ್ಕೃತ ವರ್ಣಮಾಲೆ ಬಲ್ಲವರಿಗೆ ಎರಡು ದಿನದ ಕೆಲಸ. ಪಂಡಿತರು ದಿನಕ್ಕೊಂದು ಪುಟ, ಒಂದೂವರೆ ಪುಟದಂತೆ ಟೈಪು ಮಾಡುತ್ತ ಬಂದು, ಕೆಲವು ವರ್ಷಗಳಲ್ಲಿ ಹದಿನೇಳು ಪುಸ್ತಕಗಳನ್ನೂ ಒಳಕ್ಕೆ ಸೇರಿಸಿದರು. ಪುಟಗಳ ಸಂಖ್ಯೆ ಸಾವಿರವನ್ನು ಮೀರಿತು. ಕೆಲಸ ಮುಗಿದ ನೋಟುಪುಸ್ತಕಗಳನ್ನು ಕಟ್ಟಿ ಅಟ್ಟದ ಮೇಲಿಟ್ಟರು. ಒಂದು ಮಳೆಗಾಲ ಕಳೆದು ಕಟ್ಟು ಬಿಚ್ಚಿದಾಗ ಅದರಲ್ಲಿದ್ದುದು ರಟ್ಟು, ಮಣ್ಣು ಮತ್ತು ಗೆದ್ದಲು. ಅಂದಿನಿಂದ ಗುರುಗಳ ಪಾಠವು ಜಗತ್ತಿನಲ್ಲಿ ಉಳಿದುದು ಆ ಪೆಟ್ಟಿಗೆಯೊಳಗಿನ ಒಂದು ಡಿಸ್ಕಿನಲ್ಲಿ ಮಾತ್ರ.

ಬೇರೊಂದು ಪ್ರತಿ ಏಕಿರಲಿಲ್ಲವೆಂದು ವಾಚಕರು ಕೇಳಬಹುದು. ಅದಕ್ಕೆ ಕಾರಣ ಪಂಡಿತರೇ. ಅವರ ಸಹಪಾಠಿಯೊಬ್ಬರು ಬೇರೆ ಜಿಲ್ಲೆಯಲ್ಲಿದ್ದರು. "ಗುರುಗಳ ಟಿಪ್ಪಣಿಯ ಒಂದು ಪ್ರತಿಯನ್ನು ಕಳುಹಿಸು, ಕಣ್ಣಿಗೊತ್ತಿಕೊಳ್ಳುತ್ತೇನೆ" ಎಂದು ಅವರು ಮೂರು ಸಲ ಬರೆದಿದ್ದರು. ಪ್ರತಿಯು ಕೈಬಿಟ್ಟು ಹೋದರೆ ನಾಳೆ ಯಾರೋ ಅಚ್ಚು ಹಾಕಿಸಿ ತಮ್ಮ ಹೆಸರನ್ನು ಮುಖಪುಟದ ಮೇಲೆ ಬರೆದುಕೊಂಡಾರೆಂಬ ಶಂಕೆ ಪಂಡಿತರದು. ಮೂರು ಕಾಗದಗಳಿಗೂ ಅವರು ಉತ್ತರ ಬರೆಯಲಿಲ್ಲ. ವಿದ್ಯೆಯಲ್ಲಿ ಉದಾರರಾದವರಿಗೂ ಪುಸ್ತಕದ ವಿಷಯದಲ್ಲಿ ಕೈ ಬಿಗಿಯಾಗುವುದುಂಟು. ಪಾಠಶಾಲೆಗಳ ಇತಿಹಾಸದಲ್ಲಿ ಇದು ಹೊಸದಲ್ಲ.

2025ರ ದಸರೆಯ ರಜೆಗೆ ಇಂಜಿನಿಯರಿಂಗ್ ಓದುತ್ತಿದ್ದ ಮೊಮ್ಮಗಳು ಬಂದಳು. ತಾತನ ಯಂತ್ರವನ್ನು ನೋಡಿ ಅವಳಿಗೆ ಭಯವಾಯಿತು. ವಿಂಡೋಸ್ 7ನ್ನು ಅದರ ತಯಾರಕರು 2020ರ ಜನವರಿ 14ರಿಂದಲೇ ಪೋಷಿಸುವುದನ್ನು ನಿಲ್ಲಿಸಿದ್ದರು. ಅನಂತರ ಕಂಡುಬಂದ ಬಿರುಕುಗಳಿಗೆ ತೇಪೆ ಹಾಕುವವರಿಲ್ಲದೆ ಅದು ಅಂತರಜಾಲದ ಬೀದಿಗೆ ತೆರೆದುಕೊಂಡಿದ್ದಿತು. ಅದಕ್ಕೆ ಬದಲಾಗಿ ವಿಂಡೋಸ್ 10ನ್ನು ಹಾಕೋಣವೆಂದರೆ ಅದರ ಕಾಲವೂ ಅದೇ ಅಕ್ಟೋಬರ್ 14ಕ್ಕೆ ಮುಗಿಯಲಿದ್ದಿತು. ವಿಂಡೋಸ್ 11 ಹಾಕಬೇಕಾದರೆ ಟಿಪಿಎಂ 2.0 ಎಂಬ ರಕ್ಷಣೆಯ ಬಿಲ್ಲೆಯೂ ಈಚಿನ ಪ್ರೊಸೆಸರೂ ಬೇಕು; 2012ರ ಯಂತ್ರಕ್ಕೆ ಅವು ಎಲ್ಲಿಂದ ಬರಬೇಕು? ಇನ್ನು ಉಳಿದುದು ಲಿನಕ್ಸ್. ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆಯತೊಡಗಿದ ಆ ಮೂಲದ ಸುತ್ತ ಬೆಳೆದ ವ್ಯವಸ್ಥೆಗಳಲ್ಲಿ ಡೆಬಿಯನ್ ಎಂಬುದು 1993ರಿಂದ ನಡೆದುಬಂದಿದೆ. ಅದಕ್ಕೆ ಕ್ರಯವಿಲ್ಲ, ಹಳೆಯ ಯಂತ್ರವನ್ನು ಅದು ಹೀನವಾಗಿ ಕಾಣುವುದೂ ಇಲ್ಲ.

"ಹಾಗಾದರೆ ಹಳೆಯದನ್ನು ತೆಗೆದು ಇದನ್ನೇ ಹಾಕಿಬಿಡಬಹುದಲ್ಲ" ಎಂದರು ಅಜ್ಜಿ.

ಹಾಗೆ ಮಾಡುವಂತಿರಲಿಲ್ಲ. ಪಂಡಿತರ ಪುಟಗಳು ಹಳೆಯ ನುಡಿಯ ಸಂಕೇತಕ್ರಮದಲ್ಲಿದ್ದುವು. ಆ ಕ್ರಮದಲ್ಲಿ ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿರುತ್ತಾರೆ. ನುಡಿಯ ಅಕ್ಷರಶೈಲಿ ಇರುವ ಯಂತ್ರದಲ್ಲಿ ಅದು ಅಚ್ಚಗನ್ನಡ. ಅದಿಲ್ಲದ ಕಡೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ. ಹಳೆಯ ಕಡತ ಓದುವುದಕ್ಕೆ, ತಿದ್ದುವುದಕ್ಕೆ, ಅಚ್ಚುಯಂತ್ರಕ್ಕೆ ಕಳುಹಿಸುವುದಕ್ಕೆ ಹಳೆಯ ವಿಂಡೋಸೇ ಬೇಕು. ಪತ್ರವ್ಯವಹಾರಕ್ಕೂ ಹೊಸ ಬರವಣಿಗೆಗೂ ಹೊಸ ವ್ಯವಸ್ಥೆ ಬೇಕು. ಆದುದರಿಂದ ಒಂದೇ ಪೆಟ್ಟಿಗೆಯಲ್ಲಿ ಎರಡು ಸಂಸಾರಗಳನ್ನು ಹೂಡುವುದೆಂದು ಮೊಮ್ಮಗಳು ನಿಶ್ಚಯಿಸಿದಳು.

ಒಂದೇ ಡಿಸ್ಕನ್ನು ಎರಡು ಭಾಗ ಮಾಡಿ ಎರಡನ್ನೂ ಇಡುವ ಪದ್ಧತಿಯುಂಟು. ಆಗ ಹಳೆಯ ಭಾಗವನ್ನು ಕುಗ್ಗಿಸಿ ಹೊಸದಕ್ಕೆ ಎಡೆ ಬಿಡಿಸಬೇಕು. ಡಿಸ್ಕು ಕೆಟ್ಟರೆ ಎರಡೂ ಸಂಸಾರಗಳು ಒಂದೇ ದಿನ ಬೀದಿಗೆ ಬೀಳುತ್ತವೆ. ಪಂಡಿತರು "ಹಳೆಯದನ್ನು ಮುಟ್ಟಕೂಡದು" ಎಂದು ಮೊದಲೇ ಹೇಳಿದ್ದರು. ಆದಕಾರಣ ಅವಳು 480 ಜಿಬಿಯ ಒಂದು ಎಸ್‌ಎಸ್‌ಡಿ ತಂದಳು. ಹಳೆಯ ಹಾರ್ಡ್ ಡಿಸ್ಕಿನದು 500 ಜಿಬಿ. ಹಳೆಯದರಲ್ಲಿ ತಟ್ಟೆಗಳು ಸುತ್ತುತ್ತವೆ. ಹೊಸದರಲ್ಲಿ ಚಲಿಸುವ ಅಂಗವೇ ಇಲ್ಲ.

ಕೆಲಸಕ್ಕೆ ಕೈಹಾಕುವ ಮುನ್ನ ಪಂಡಿತರು ಡಿಸ್ಕಿನ ರಚನೆಯನ್ನು ಕೇಳಿ ತಿಳಿದುಕೊಂಡರು. ಅಂಥ ಹಳೆಯ ಡಿಸ್ಕಿನ ಮೊಟ್ಟಮೊದಲ ಖಂಡವು 512 ಬೈಟುಗಳದು. ಅದರಲ್ಲಿ ಮೊದಲ 446 ಬೈಟುಗಳು ಯಂತ್ರವು ಎಚ್ಚರಗೊಂಡೊಡನೆ ನಡೆಸಬೇಕಾದ ಚಿಕ್ಕದೊಂದು ವಿಧಿ. ಆಮೇಲಿನ 64 ಬೈಟುಗಳಲ್ಲಿ ಡಿಸ್ಕಿನ ಯಾವ ಭಾಗ ಎಲ್ಲಿಂದ ಎಲ್ಲಿಯವರೆಗೆ ಎಂಬ ಪಟ್ಟಿ, ಅದೂ ನಾಲ್ಕೇ ಭಾಗಗಳಿಗೆ. ಕೊನೆಯ 2 ಬೈಟುಗಳು ಮುದ್ರೆ.

"ಇದು ಪಾಲುಪಟ್ಟಿಯಲ್ಲವೇ! ಮೇಲಿನದು ಬಾಗಿಲು, ಕೆಳಗಿನದು ಪಾಲುಪಟ್ಟಿ, ಕೊನೆಯಲ್ಲಿ ರುಜು" ಎಂದು ಪಂಡಿತರು ಸಂತೋಷಪಟ್ಟರು. ಅಂದಿನಿಂದ ಆ ಮನೆಯಲ್ಲಿ ಈ ವಸ್ತುಗಳಿಗೆ ಅವೇ ಹೆಸರುಗಳು ನಿಂತುವು.

ಹೊಸ ವ್ಯವಸ್ಥೆಯನ್ನು ಹಾಕುವಾಗ ತೆರೆಯ ಮೇಲೆ ಎರಡು ಡಿಸ್ಕುಗಳ ಹೆಸರುಗಳೂ ಒಂದರ ಕೆಳಗೊಂದು ಬಂದುವು. ಅಳತೆಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಬೆರಳು ಒಂದು ಸಾಲು ಮೇಲಕ್ಕೆ ಹೋದರೆ ಸಾವಿರ ಪುಟ ಅಳಿಸಿಹೋಗುತ್ತವೆಂಬುದು ಪಂಡಿತರಿಗೆ ಅರ್ಥವಾಯಿತು.

"ಮಗು, ಪಾಠಶಾಲೆಯಲ್ಲಿ ಓಲೆಯ ಕಟ್ಟಿನಿಂದ ಕಾಗದಕ್ಕೆ ಪ್ರತಿ ಮಾಡುವಾಗ ಶಾಯಿಯ ಕುಡಿಕೆಯನ್ನು ಮೂಲದ ಹತ್ತಿರ ಇಡಗೊಡುತ್ತಿರಲಿಲ್ಲ. ಕೆಲಸ ಮುಗಿಯುವವರೆಗೆ ಹಳೆಯ ಡಿಸ್ಕನ್ನು ಹೊರಕ್ಕೆ ತೆಗೆದಿಡಬಾರದೇ?"

"ಬೇಡ ತಾತ, ನಾನು ಹೆಸರು ನೋಡಿಯೇ ಒತ್ತುತ್ತೇನೆ. ಆದರೆ ನಿಮ್ಮ ಕಡತಗಳನ್ನು ಒಂದು ಪೆನ್ ಡ್ರೈವಿಗೆ ಹಾಕಿಕೊಂಡುಬಿಡೋಣ."

"ಪ್ರತಿ ಮಾತ್ರ ಬೇಡ."

ಹೀಗೆ ತಾತನ ಬುದ್ಧಿವಾದವನ್ನು ಮೊಮ್ಮಗಳು ಕೇಳಲಿಲ್ಲ, ಮೊಮ್ಮಗಳ ಬುದ್ಧಿವಾದವನ್ನು ತಾತ ಕೇಳಲಿಲ್ಲ. ಇಬ್ಬರ ಮಾತೂ ಸರಿಯಾಗಿದ್ದಿತು.

ಅವಳು ಮಾತಿಗೆ ತಕ್ಕಂತೆ ತಯಾರಕನ ಹೆಸರನ್ನು ಓದಿ, ಹೊಸ ಡಿಸ್ಕನ್ನೇ ಆರಿಸಿ, ಅದರಲ್ಲಿ ಡೆಬಿಯನ್ನನ್ನು ನೆಲೆಗೊಳಿಸಿದಳು. ಎಲ್ಲ ಮುಗಿಯುವ ಹೊತ್ತಿಗೆ ಕೊನೆಯದೊಂದು ಪ್ರಶ್ನೆ ಬಂದಿತು: ಬಾಗಿಲು ಕಾಯುವ ಗ್ರಬ್ ಎಂಬ ಕಾರ್ಯಕ್ರಮವನ್ನು ಯಾವ ಡಿಸ್ಕಿನ ತಲೆಯಲ್ಲಿ ಕೂರಿಸಬೇಕು? ಯಂತ್ರವು ಎದ್ದೊಡನೆ ಮೊದಲನೆಯ ಡಿಸ್ಕನ್ನೇ ನೋಡುತ್ತದೆಂದು ಅವಳು ಬಲ್ಲಳು. ಆದುದರಿಂದ ಮೊದಲನೆಯದನ್ನೇ, ಎಂದರೆ ಹಳೆಯದನ್ನೇ, ಆರಿಸಿದಳು. ಆ ಕ್ಷಣದಲ್ಲಿ ಹಳೆಯ ಮನೆಯ ಬಾಗಿಲ ವಿಧಿ ಅಳಿಸಿ, ಅಲ್ಲಿ ಗ್ರಬ್ಬಿನ ಮೊದಲ ತುಣುಕು ಕುಳಿತಿತು. ಅದರ ಉಳಿದ ಅಂಗಗಳೂ ದಾರಿ ತೋರುವ ಪಟ್ಟಿಯೂ ಹೊಸ ಡಿಸ್ಕಿನಲ್ಲಿದ್ದುವು. ಬಾಗಿಲು ಇಲ್ಲಿ, ಬೀಗದಕೈ ಅಲ್ಲಿ.

ಅಂದು ಯಾರಿಗೂ ಇದು ತೋರಲಿಲ್ಲ. ಯಂತ್ರವನ್ನು ಹಚ್ಚಿದರೆ ಕಪ್ಪು ತೆರೆಯ ಮೇಲೆ ಎರಡು ಸಾಲುಗಳು ಮೂಡುವುವು. ಬಾಣದ ಗುರುತಿನ ಕೀಲಿಯಿಂದ ಬೇಕಾದುದನ್ನು ಆರಿಸಿದರೆ ಆ ಸಂಸಾರವು ಎಚ್ಚರಗೊಳ್ಳುವುದು. ಡೆಬಿಯನ್ನಿನಲ್ಲೂ ಕಗಪ ಕೀಲಿಮಣೆಯ ಕ್ರಮವಿದ್ದುದರಿಂದ ಪಂಡಿತರ ಬೆರಳುಗಳು ಬಹುಮಟ್ಟಿಗೆ ಹಳೆಯ ದಾರಿಯಲ್ಲೇ ನಡೆದುವು. ಹಳೆಯ ವಿಂಡೋಸಿಗೆ ಅಂತರಜಾಲದ ಸಂಪರ್ಕವನ್ನು ಮೊಮ್ಮಗಳು ಪೂರ್ತಿಯಾಗಿ ಕಡಿದಳು.

ಎರಡು ದಿನಗಳಲ್ಲಿ ಒಂದು ವಿನೋದ ನಡೆಯಿತು. ಬೆಳಗ್ಗೆ ಹತ್ತು ಗಂಟೆಗೆ ಪಂಡಿತರು ವಿಂಡೋಸನ್ನು ತೆರೆದರೆ ಅದರ ಗಡಿಯಾರವು ನಾಲ್ಕೂವರೆ ತೋರಿಸುತ್ತಿದ್ದಿತು. "ಸ್ನಾನ, ಸಂಧ್ಯೆ, ಕಾಫಿ ಎಲ್ಲ ಮುಗಿಸಿ ಕುಳಿತರೆ ಇದು ಬ್ರಾಹ್ಮೀ ಮುಹೂರ್ತವೆನ್ನುತ್ತದಲ್ಲ!" ಎಂದು ಅವರು ನಕ್ಕರು. ಕಾರಣವು ಸುಲಭವಾದುದು. ಪೆಟ್ಟಿಗೆಯೊಳಗೆ ಸಣ್ಣ ಬ್ಯಾಟರಿಯಿಂದ ನಡೆಯುವ ಗಡಿಯಾರ ಒಂದೇ. ಅದನ್ನು ಓದುವ ಸಂಪ್ರದಾಯಗಳು ಎರಡು. ವಿಂಡೋಸ್ ಅದನ್ನು ಊರಿನ ಗಂಟೆಯೆಂದು ತಿಳಿಯುತ್ತದೆ. ಲಿನಕ್ಸ್ ಅದನ್ನು ಸಾರ್ವತ್ರಿಕ ಕಾಲವೆಂದು ತಿಳಿದು, ಭಾರತಕ್ಕೆ ಐದೂವರೆ ಗಂಟೆಯನ್ನು ಕೂಡಿಸಿ ತೋರಿಸುತ್ತದೆ. ಲಿನಕ್ಸ್ ತಿದ್ದಿಟ್ಟ ಗಡಿಯಾರವನ್ನು ವಿಂಡೋಸ್ ಹಾಗೆಯೇ ಓದಿದರೆ ಐದೂವರೆ ಗಂಟೆ ಹಿಂದಾಗದೆ ಏನಾದೀತು? ಮನೆಯ ಹಿರಿಯನ ಪದ್ಧತಿಗೆ ಕಿರಿಯನನ್ನು ಒಪ್ಪಿಸುವುದು ಸುಲಭವಾದುದರಿಂದ, ಮೊಮ್ಮಗಳು ಲಿನಕ್ಸಿಗೆ ಊರಿನ ಗಂಟೆಯನ್ನೇ ಅನುಸರಿಸುವಂತೆ ಒಂದು ಆಜ್ಞೆ ಕೊಟ್ಟು ಕಾಲೇಜಿಗೆ ಹೊರಟುಹೋದಳು.

ದೀಪಾವಳಿಗೆ ಮುಂಚೆ ಮನೆಯ ಧೂಳು ತೆಗೆಯುವ ಕೆಲಸ ನಡೆಯಿತು. ಕಂಪ್ಯೂಟರಿನ ಪೆಟ್ಟಿಗೆಯನ್ನೂ ಸರಿಸಿ, ಒರಸಿ, ಮತ್ತೆ ಅದರ ಸ್ಥಾನದಲ್ಲಿಟ್ಟರು. ಮರುದಿನ ಪಂಡಿತರು ಗುಂಡಿಯನ್ನೊತ್ತಿದರೆ ಎರಡು ಸಾಲುಗಳ ಪಟ್ಟಿ ಬರಲಿಲ್ಲ. ಅಂಥ ಸಾಧನವಿಲ್ಲವೆಂಬ ಒಂದು ವಾಕ್ಯ ಇಂಗ್ಲಿಷಿನಲ್ಲಿ ಬಂದಿತು. ಅದರ ಕೆಳಗೆ 'ಗ್ರಬ್ ರೆಸ್ಕ್ಯೂ' ಎಂಬೆರಡು ಮಾತುಗಳು ನಿಂತು, ಮುಂದೆ ಒಂದು ಗೆರೆ ಮಿಣುಕುತ್ತಿದ್ದಿತು. ಹೊಸದು ಹೋದರೆ ಹೋಗಲಿ, ಹಳೆಯದಾದರೂ ಏಳಬೇಡವೇ? ಆರಿಸಿ ಹಚ್ಚಿದರು, ಹಚ್ಚಿ ಆರಿಸಿದರು. ಅದೇ ಎರಡು ಮಾತು, ಅದೇ ಗೆರೆ.

ಪಂಡಿತರು ಯಾರಿಗೂ ಹೇಳಲಿಲ್ಲ. ಎರಡು ರಾತ್ರಿ ಅವರಿಗೆ ನಿದ್ರೆ ಬರಲಿಲ್ಲ. ಜಪಕ್ಕೆ ಕುಳಿತರೆ ಸಂಖ್ಯೆ ತಪ್ಪುತ್ತಿದ್ದಿತು. ಗುರುಗಳ ದೃಷ್ಟಾಂತಗಳನ್ನು ನೆನಪಿನಿಂದ ಹೇಳಿಕೊಂಡು ನೋಡಿದರು. ಸಂಧಿಪ್ರಕರಣ ಮುಗಿಯುವುದರೊಳಗೇ ಎಡೆಯೆಡೆಯಲ್ಲಿ ಹಳ್ಳ ಬಿದ್ದಿದ್ದುವು. ಮೂರನೆಯ ದಿನ ಅಜ್ಜಿಯೇ ಮೊಮ್ಮಗಳಿಗೆ ಫೋನು ಮಾಡಿದರು: "ನಿಮ್ಮ ತಾತ ಊಟ ಬಿಟ್ಟಿದ್ದಾರೆ. ಕಾರಣ ಹೇಳರು. ಆ ಪೆಟ್ಟಿಗೆಯ ಮುಂದೆ ಕುಳಿತುಕೊಳ್ಳುತ್ತಾರೆ, ಎದ್ದು ಹೋಗುತ್ತಾರೆ." ಅವಳು ರಾತ್ರಿಯ ಬಸ್ಸಿಗೆ ಹೊರಟು ಬೆಳಗಾಗುವುದರೊಳಗೆ ಬಂದಳು.

ಪೆಟ್ಟಿಗೆಯ ಮುಚ್ಚಳ ತೆಗೆದಾಗ ಹೊಸ ಡಿಸ್ಕಿನ ತಂತಿ ಸಡಿಲವಾಗಿ ಕಳಚಿಕೊಂಡಿದ್ದಿತು. ಅದನ್ನು ನೋಡಿದೊಡನೆ ಅವಳಿಗೆ ತನ್ನ ತಪ್ಪು ಹೊಳೆಯಿತು. ಅವಳು ಕೂಡಲೇ ತಂತಿಯನ್ನು ಸಿಕ್ಕಿಸಲಿಲ್ಲ. ಪೆನ್ ಡ್ರೈವಿನಿಂದಲೇ ನಡೆಯುವ ಒಂದು ಲಿನಕ್ಸನ್ನು ಹಚ್ಚಿ, ಹಳೆಯ ಡಿಸ್ಕನ್ನು ಓದುವುದಕ್ಕೆ ಮಾತ್ರ ಅನುಮತಿ ಕೊಟ್ಟು ತೆರೆದಳು. ಪಾಲುಪಟ್ಟಿ ಅಳಿದಿರಲಿಲ್ಲ, ಕೋಣೆಗಳು ಇದ್ದಂತೆಯೇ ಇದ್ದುವು, ಪಂಡಿತರ ಕಡತಗಳು ಸಾಲಾಗಿ ನಿಂತಿದ್ದುವು. ಒಂದನ್ನು ತೆರೆದಳು. ತೆರೆಯ ತುಂಬ ರೋಮನ್ ಅಕ್ಷರಗಳೂ ಚಿಹ್ನೆಗಳೂ ಹರಡಿಕೊಂಡುವು.

ಪಂಡಿತರು ಕನ್ನಡಕವನ್ನು ಸರಿಮಾಡಿಕೊಂಡು ನೋಡಿ, "ಇದು ನನ್ನದಲ್ಲ ಮಗು" ಎಂದರು.

"ನಿಮ್ಮದೇ ತಾತ. ಇಲ್ಲಿ ನುಡಿಯಿಲ್ಲ, ಅದಕ್ಕೆ ಹೀಗೆ ಕಾಣುತ್ತಿದೆ. ಒಳಗಿರುವುದೆಲ್ಲ ಹಾಗೆಯೇ ಇದೆ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅದೇನೋ ಪ್ರತಿ ಮಾಡಬೇಕೆಂದಿದ್ದೆಯಲ್ಲ, ಮಾಡು" ಎಂದರು. ಅವಳು ಎರಡು ಪೆನ್ ಡ್ರೈವುಗಳಿಗೆ ಪ್ರತಿ ಮಾಡಿದಳು. ಒಂದನ್ನು ಅಜ್ಜಿಯ ಬೀರುವಿನಲ್ಲಿಟ್ಟಳು. ಇನ್ನೊಂದನ್ನು ತನ್ನ ಚೀಲದಲ್ಲಿಟ್ಟುಕೊಂಡಳು.

ತಂತಿಯನ್ನು ಸಿಕ್ಕಿಸಿದ್ದರೆ ಅಂದಿನ ಕೆಲಸ ಮುಗಿಯುತ್ತಿದ್ದಿತು. ಆದರೆ ಹೊಸ ಡಿಸ್ಕು ಎಂದಾದರೊಂದು ದಿನ ನಿಜವಾಗಿ ಕೆಟ್ಟರೆ ಹಳೆಯ ಮನೆಯ ಬಾಗಿಲೂ ಮುಚ್ಚುವುದೆಂಬುದು ಅವಳಿಗೆ ಈಗ ತಿಳಿದಿದ್ದಿತು. ಆದುದರಿಂದ ಪಾಲನ್ನು ಮೊದಲಿನಿಂದ ಸರಿಪಡಿಸಿದಳು. ಎರಡೂ ತಂತಿಗಳಿರುವಾಗ ಡೆಬಿಯನ್ನನ್ನು ಹಚ್ಚಿ, ಗ್ರಬ್ಬನ್ನು ಹೊಸ ಡಿಸ್ಕಿನ ತಲೆಯಲ್ಲಿಯೇ ಕೂರಿಸಿದಳು. ಅನಂತರ ಹೊಸದರ ತಂತಿಯನ್ನು ಕಳಚಿಟ್ಟು, ವಿಂಡೋಸ್ 7ರ ಸ್ಥಾಪನಾ ತಟ್ಟೆಯಿಂದ ಯಂತ್ರವನ್ನು ಎಬ್ಬಿಸಿ, ಹಳೆಯ ಡಿಸ್ಕಿನ ಬಾಗಿಲ ವಿಧಿಯನ್ನು ಮಾತ್ರ ಹೊಸದಾಗಿ ಬರೆಸಿದಳು; ಅದಕ್ಕಿರುವ ಆಜ್ಞೆಯು ಪಾಲುಪಟ್ಟಿಯನ್ನು ಮುಟ್ಟುವುದಿಲ್ಲ. ಹಳೆಯದು ಒಂಟಿಯಾಗಿ ಎದ್ದಿತು. ಅದರ ತಂತಿಯನ್ನು ಕಳಚಿ ಹೊಸದನ್ನು ಸಿಕ್ಕಿಸಿದರೆ ಹೊಸದೂ ಒಂಟಿಯಾಗಿ ಎದ್ದಿತು. ಆಮೇಲೆ ಎರಡನ್ನೂ ಜೋಡಿಸಿ, ಯಂತ್ರವು ಮೊದಲು ಹೊಸದನ್ನು ನೋಡುವಂತೆ ಬಯೋಸಿನಲ್ಲಿ ಕ್ರಮವನ್ನು ಬದಲಿಸಿದಳು. ಈಗ ಗ್ರಬ್ಬಿನ ಪಟ್ಟಿಯಲ್ಲಿ ವಿಂಡೋಸನ್ನು ಆರಿಸಿದರೆ, ಅದು ಅತಿಥಿಯನ್ನು ಹಳೆಯ ಮನೆಯ ಹೊಸಿಲಿನವರೆಗೆ ಕರೆದೊಯ್ದು ಬಿಡುತ್ತದೆ. ಅಲ್ಲಿಂದ ಮುಂದೆ ಹಳೆಯ ಮನೆಯವರೇ ಬಾಗಿಲು ತೆರೆಯುತ್ತಾರೆ.

"ಒಂಟಿಯಾಗಿ ನಿಲ್ಲಲಾರದವರು ಜೊತೆಯಾಗಿಯೂ ನಿಲ್ಲಲಾರರು" ಎಂದು ಪಂಡಿತರು ಇದಕ್ಕೊಂದು ಸೂತ್ರವನ್ನು ಮಾಡಿದರು.

ಈಚಿನ ಯಂತ್ರಗಳುಳ್ಳವರಿಗೂ ಈ ಸೂತ್ರ ಸಲ್ಲುತ್ತದೆ. ಹಳೆಯ ಬಯೋಸಿನ ಸ್ಥಾನದಲ್ಲಿ ಅವುಗಳಲ್ಲಿ ಯುಇಎಫ್‌ಐ ಬಂದಿದೆ. ನಾಲ್ಕು ಸಾಲುಗಳ ಪಾಲುಪಟ್ಟಿಯ ಬದಲು ಜಿಪಿಟಿ ಎಂಬ ಪಟ್ಟಿಯಿದ್ದು, ಅದರಲ್ಲಿ ಸಾಮಾನ್ಯವಾಗಿ 128 ಭಾಗಗಳಿಗೆ ಎಡೆಯಿರುತ್ತದೆ. ಬಾಗಿಲ ಕಾರ್ಯಕ್ರಮಗಳು ಪ್ರತ್ಯೇಕವಾದ ಒಂದು ಚಿಕ್ಕ ಭಾಗದಲ್ಲಿ ಕಡತಗಳಾಗಿ ಇರುವುದರಿಂದ ಒಂದು ಇನ್ನೊಂದನ್ನು ಅಳಿಸುವುದು ಕಡಿಮೆ. ಆದರೂ ಎರಡನೆಯ ಡಿಸ್ಕಿನಲ್ಲಿ ವಿಂಡೋಸನ್ನು ಹಾಕುವಾಗ, ಮೊದಲನೆಯ ಡಿಸ್ಕಿನಲ್ಲಿ ಅಂಥ ಭಾಗ ಕಂಡರೆ ಅದು ತನ್ನ ಬಾಗಿಲನ್ನು ಅಲ್ಲಿಯೇ ಇರಿಸಿಬಿಡುವುದುಂಟು; ಮುಂದೊಂದು ದಿನ ಮೊದಲನೆಯದನ್ನು ತೆಗೆದರೆ ಎರಡನೆಯದೂ ಏಳದು. ಒಂದನ್ನು ಹಾಕುವಾಗ ಇನ್ನೊಂದರ ತಂತಿಯನ್ನು ಕಳಚಿಡುವುದು ಎಲ್ಲಕ್ಕಿಂತ ನಿರಪಾಯವಾದ ಮಾರ್ಗ. ಡಿಸ್ಕನ್ನು ಬಿಟ್‌ಲಾಕರಿನಿಂದ ಮುಚ್ಚಿರುವವರು ಅದರ ಮರುಪ್ರಾಪ್ತಿಯ ಕೀಲಿಸಂಖ್ಯೆಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಬಾಗಿಲಿನ ಕ್ರಮ ಬದಲಾದಾಗ ವಿಂಡೋಸ್ ಅದನ್ನು ಕೇಳಬಹುದು.

ಇನ್ನೊಂದು ಎಚ್ಚರಿಕೆಯುಂಟು. ಯಂತ್ರವನ್ನು ಪೂರ್ತಿಯಾಗಿ ಆರಿಸುವುದು ಬೇರೆ, ಹೈಬರ್ನೇಟ್ ಎಂಬ ದೀರ್ಘನಿದ್ರೆಗೆ ಕಳುಹಿಸುವುದು ಬೇರೆ. ನಿದ್ರಿಸುವ ವಿಂಡೋಸ್ ತನ್ನ ಸ್ಮೃತಿಯನ್ನು ಡಿಸ್ಕಿನ ಮೇಲೆ ಬರೆದಿಟ್ಟು ಮಲಗುತ್ತದೆ. ಆ ವೇಳೆಯಲ್ಲಿ ಲಿನಕ್ಸಿನಿಂದ ಅದರ ಕೋಣೆಗೆ ಹೋಗಿ ಸಾಮಾನನ್ನು ಕದಲಿಸಿದರೆ, ಅದು ಎದ್ದ ಮೇಲೆ ಹಳೆಯ ಸ್ಮೃತಿಯನ್ನೇ ನಂಬಿ ಕೆಲಸಮಾಡಿ ಕಡತಗಳನ್ನು ಕೆಡಿಸೀತು. 2012ರ ವಿಂಡೋಸ್ 8ರಿಂದ ಈಚೆಗೆ, ಬೇಗ ಏಳಲೆಂದು ಸಾಮಾನ್ಯವಾಗಿ ಆರಿಸಿದಾಗಲೂ ಅರೆನಿದ್ರೆಯಲ್ಲಿಡುವ ಏರ್ಪಾಡು ಬಂದಿದೆ. ಎರಡು ವ್ಯವಸ್ಥೆಗಳನ್ನು ಇಟ್ಟುಕೊಂಡವರು ಅದನ್ನು ನಿಲ್ಲಿಸುವುದು ಲೇಸು.

ಇಷ್ಟಾದ ಮೇಲೆ ಮೊಮ್ಮಗಳು ಪಂಡಿತರ ಮುಂದೆ ಇನ್ನೊಂದು ವಿಷಯವನ್ನಿಟ್ಟಳು. ಹಳೆಯ ಡಿಸ್ಕಿಗೂ ವಯಸ್ಸಾಗಿದೆ. ಹಳೆಯ ನುಡಿಯ ಸಂಕೇತಗಳನ್ನು ಓದುವವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಾರೆ. ಪುಟಗಳನ್ನೆಲ್ಲ ಯೂನಿಕೋಡಿಗೆ ತಿರುಗಿಸಬೇಕು. ತಿರುಗಿಸುವ ಕಾರ್ಯಕ್ರಮಗಳಿವೆ, ಆದರೆ ಅವುಗಳ ಫಲವನ್ನು ಬಲ್ಲವರೊಬ್ಬರು ಅಕ್ಷರ ಅಕ್ಷರವಾಗಿ ನೋಡಬೇಕು. ಅರ್ಕಾವೊತ್ತು ಅದಕ್ಕೆ ಒಳ್ಳೆಯ ಉದಾಹರಣೆ. 'ಧರ್ಮ' ಎಂಬ ಮಾತನ್ನು ಹಳೆಯ ಕ್ರಮವು ಕಣ್ಣಿಗೆ ಕಂಡಂತೆ ಇಟ್ಟುಕೊಳ್ಳುತ್ತದೆ: ಮೊದಲು ಧ, ಆಮೇಲೆ ಮ, ಕೊನೆಗೆ ಅರ್ಕಾವೊತ್ತಿನ ಗುರುತು. ಯೂನಿಕೋಡು ಕಿವಿಗೆ ಕೇಳಿದಂತೆ ಇಟ್ಟುಕೊಳ್ಳುತ್ತದೆ: ಧಕಾರ, ರೇಫ, ಆಮೇಲೆ ಮಕಾರ. ತಿರುಗಿಸುವಾಗ ರೇಫವನ್ನು ಹಿಂದಕ್ಕೆ ತಂದು ಅದರ ಸ್ಥಾನದಲ್ಲಿ ಕೂರಿಸಬೇಕು. ಸಂಯುಕ್ತಾಕ್ಷರಗಳು ಮುತ್ತಿಕೊಂಡ ಸಂಸ್ಕೃತದ ಸೂತ್ರಗಳಲ್ಲಿ ಅದು ಕೆಲವೊಮ್ಮೆ ದಾರಿ ತಪ್ಪುತ್ತದೆ. ಪಂಡಿತರಿಗೆ ಈ ವಿವರಣೆ ಮನಸ್ಸಿಗೆ ಹತ್ತಿತು. ಉಚ್ಚಾರಣೆಯ ಕ್ರಮವೇ ವರ್ಣಗಳ ಕ್ರಮವೆಂದು ಬಾಲ್ಯದಿಂದ ಓದಿದವರು ಅವರು. ಈ ಹೊಸ ಶಾಸ್ತ್ರವೂ ಆ ಮಾತನ್ನೇ ಹೇಳುತ್ತಿದ್ದಿತು.

ಈಗ ಅವರು ದಿನಕ್ಕೆ ಹತ್ತು ಪುಟಗಳಂತೆ ನೋಡುತ್ತಾರೆ. ಬೆಳಗ್ಗೆ ಹಳೆಯ ವಿಂಡೋಸಿನಲ್ಲಿ ಹತ್ತು ಪುಟಗಳನ್ನು ಕಾಗದದ ಮೇಲೆ ಅಚ್ಚಿಳಿಸಿಕೊಳ್ಳುವುದು. ಮಧ್ಯಾಹ್ನ ಹೊಸ ವ್ಯವಸ್ಥೆಯನ್ನು ಹಚ್ಚಿ, ಆ ಕಾಗದವನ್ನು ಪಕ್ಕದಲ್ಲಿಟ್ಟುಕೊಂಡು ತಿರುಗಿಸಿದ ಪಾಠವನ್ನು ತಿದ್ದುವುದು. ಎರಡು ಮನೆಗಳ ನಡುವೆ ಅವರಿಗೆ ದಿನವೂ ಓಡಾಟ.

ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಯ ಪ್ರತಿಯನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ ಸಂಗತಿಯನ್ನು ಪಂಡಿತರು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದರು. ತಂಜಾವೂರು ಪ್ರಾಂತದ ಪಂಡಿತರೊಬ್ಬರು ತಮ್ಮ ಕಟ್ಟನ್ನು ಗ್ರಂಥಾಲಯದ ಕೈಗೆ ಕೊಟ್ಟಿದ್ದರಿಂದ ಅದು ಉಳಿಯಿತೆಂಬ ಅಂಶವನ್ನು ಅವರು ಹೇಳುತ್ತಲೇ ಇದ್ದರು. ತಮಗೆ ಅನ್ವಯಿಸಿಕೊಂಡು ನೋಡಿದುದು ಆ ಎರಡು ರಾತ್ರಿಗಳ ಅನಂತರ. ಕಾರ್ತಿಕ ಮಾಸ ಕಳೆಯುವುದರೊಳಗೆ ಅವರು ಮೂರನೆಯ ಪ್ರತಿಯೊಂದನ್ನು ಮಾಡಿಸಿ, ಸಹಪಾಠಿಯ ವಿಳಾಸಕ್ಕೆ ಅಂಚೆಯಲ್ಲಿ ಕಳುಹಿಸಿದರು. ಜೊತೆಗಿದ್ದ ಕಾಗದದಲ್ಲಿ ಮೂರು ಪತ್ರಗಳಿಗೆ ಉತ್ತರ ಬರೆಯದುದಕ್ಕೆ ಕ್ಷಮೆಯನ್ನು ಕೇಳಿದ್ದರು.

ಹದಿನೈದು ದಿನಗಳಲ್ಲಿ ಉತ್ತರ ಬಂದಿತು. ಸಹಪಾಠಿಗಳು ಸಂತೋಷವನ್ನು ಎರಡು ಸಾಲುಗಳಲ್ಲಿ ಮುಗಿಸಿ ನೇರವಾಗಿ ವಿಷಯಕ್ಕೆ ಬಂದಿದ್ದರು. ಸಮಾಸಪ್ರಕರಣದಲ್ಲಿ ನಾಲ್ಕು ಸೂತ್ರಗಳ ಕೆಳಗೆ ಪಂಡಿತರ ಟಿಪ್ಪಣಿಯಲ್ಲಿ ದೃಷ್ಟಾಂತವೇ ಇಲ್ಲ. ಆ ವಾರ ಪಂಡಿತರು ಜ್ವರದಿಂದ ಮಲಗಿದ್ದರು, ಪಾಠವು ನಡೆದಿದ್ದಿತು. ಗುರುಗಳು ಅಂದು ಹೇಳಿದ ನಾಲ್ಕು ದೃಷ್ಟಾಂತಗಳನ್ನೂ ಸಹಪಾಠಿಗಳು ನೆನಪಿನಿಂದ ಬರೆದು ಕಳುಹಿಸಿದ್ದರು. ಒಂದು ನೇಗಿಲಿನದು, ಒಂದು ಮೊಸರು ಕಡೆಯುವುದರದು, ಎರಡು ಸಂತೆಯವು.

ಪಂಡಿತರು ಆ ಕಾಗದವನ್ನು ಎರಡು ಸಲ ಓದಿದರು. ಆಮೇಲೆ ಗುಂಡಿಯನ್ನೊತ್ತಿ, ಎರಡು ಸಾಲುಗಳ ಪಟ್ಟಿ ಬರುವವರೆಗೆ ಕಾದು, ಹೊಸ ಮನೆಯ ಬಾಗಿಲನ್ನು ಆರಿಸಿ, ಆ ನಾಲ್ಕು ದೃಷ್ಟಾಂತಗಳನ್ನು ಅವುಗಳ ಸ್ಥಾನದಲ್ಲಿ ಸೇರಿಸತೊಡಗಿದರು.